ತಿಪ್ಪೆ ನೋಡುವ ಪಾಲಪ್ಪ
ನಮ್ಮ ಮಿಡಿಗೇಶಿಯಲ್ಲಿ ಹೆಣ್ಣು ಕೊಡುವವರು ಗಂಡಿನ ಮನೆ ನೋಡಲು ಹೊರಟರೆ ಗಾಡಿಯಲ್ಲಿ ಮುಂದಿನ ಜಾಗ ಪಾಲಪ್ಪನದು. ಜಾತಕ ನೋಡುವ ಜೋಯಿಸರು ಹೋಬಳಿಗೆ ಹತ್ತು ಮಂದಿ; ತಿಪ್ಪೆ ನೋಡುವವನು ಮಹಾರಾಜರ ಸೀಮೆಗೆಲ್ಲ ಇವನೊಬ್ಬನೇ ಎಂಬುದು ನಮ್ಮೂರಿನ ಹೆಮ್ಮೆ. ಚಾಪೆ ಹಾಸಿದರೂ ಕೂರುವುದಿಲ್ಲ. ಹಂಚಿನ ಮನೆಯೋ ಹುಲ್ಲಿನ ಮನೆಯೋ ಎಂದು ತಲೆಯೆತ್ತಿ ನೋಡದೆ ನೇರ ಹಿತ್ತಲಿಗೆ ಹೋಗಿ, ತಿಪ್ಪೆಯೊಳಗೆ ಮೊಳಕೈವರೆಗೂ ಕೈ ತೂರಿಸುತ್ತಾನೆ. ಕಾವು ತಾಗಿದರೆ ಮುಖ ಅರಳುತ್ತದೆ. “ಹೊಲ ಕೊಟ್ಟಿದ್ದು ಎತ್ತಿನ ಹೊಟ್ಟೆ ಸೇರಿ, ತಿಪ್ಪೇಲಿ ಬೆಂದು, ತಿರುಗಿ ಹೊಲಕ್ಕೇ ಹೋಗ್ಬೇಕು ಕಣ್ರಪ್ಪ. ಮನೇಲಿ ಬಾಯಿ ಹೆಚ್ಚಿದಂಗೆ ತಿಪ್ಪೇನೂ ಹೆಚ್ಚಬೇಕು,” ಎನ್ನುತ್ತಾನೆ. ಶಿರಾದ ಸಾಹುಕಾರರೊಬ್ಬರ ಮಹಡಿ ಮನೆಯ ಸಂಬಂಧವನ್ನು “ತಣ್ಣಗೈತೆ” ಎಂಬ ಒಂದೇ ಮಾತಿನಲ್ಲಿ ಮುರಿದು ಬಂದವನು. ಈ ವಿದ್ಯೆ ಕಲಿತದ್ದೆಲ್ಲಿ ಎಂದರೆ ಅವನ ಹೆಂಡತಿ ಪುಟ್ಟಕ್ಕ ನಗುತ್ತಾಳೆ. ಅವಳ ಅಪ್ಪ ಗಂಡು ನೋಡಲು ಬರುವ ಮುನ್ನ ಪಾಲಪ್ಪ ಮೂರು ದಿನ ಮಣ್ಣು ಹೊತ್ತು ಹಾಕಿ, ಮೇಲೆ ಸಗಣಿ ಸಾರಿಸಿ, ಆಳೆತ್ತರದ ಸುಳ್ಳು ತಿಪ್ಪೆ ಕಟ್ಟಿದ್ದನಂತೆ. ಅಪ್ಪ ಕೈ ತೂರಿಸಿದ, ತಣ್ಣಗಿತ್ತು. ಮಣ್ಣಿನ ಮಂಕರಿ ಹೊತ್ತು ಸುಲಿದ ಹುಡುಗನ ಹೆಗಲನ್ನೂ ನೋಡಿದ. “ಸುಳ್ಳಿಗೇ ಇಷ್ಟು ಹೊತ್ತೋನು ನಿಜಕ್ಕೆ ಇನ್ನೆಷ್ಟು ಹೊತ್ತಾನು. ಹೆಣ್ಣು ಕೊಟ್ಟೆ ಬುಡಿ,” ಅಂದ.