ಜ್ವರವಿಲ್ಲದವನಿಗೆ ಗಂಜಿ

ಊಟದ ವಿಷಯದಲ್ಲಿ ನಾನು ಮಹಾ ಕಿರಿಕಿರಿಯ ಮನುಷ್ಯ. ಇದನ್ನು ಒಪ್ಪಿಕೊಳ್ಳಲು ಬಹಳ ವರ್ಷ ಬೇಕಾಯಿತು. ಅಲ್ಲಿಯವರೆಗೆ ಅದನ್ನು ಶಿಸ್ತು ಎಂದು ಕರೆದುಕೊಳ್ಳುತ್ತಿದ್ದೆ. ಸಾರಿಗೆ ಬೆಳ್ಳುಳ್ಳಿ ಬಿದ್ದರೆ ಮುಖ ಸಿಂಡರಿಸುತ್ತಿದ್ದೆ. ಮೊಸರು ಚೂರು ಹುಳಿಯಾದರೂ ತಟ್ಟೆ ಸರಿಸುತ್ತಿದ್ದೆ. ಇಂಥವನನ್ನು ಕಂಪನಿಯವರು ತೊಂಬತ್ತೇಳರಲ್ಲಿ ಮೈಸೂರಿನಿಂದ ಎತ್ತಿ ನೆದರ್‌ಲ್ಯಾಂಡ್ಸಿನ ವೆಲ್ಡ್‌ಹೋವನ್‌ನಲ್ಲಿ ಇಳಿಸಿದರು. ಅಲ್ಲಿಯ ಜನ ಮಧ್ಯಾಹ್ನ ತಣ್ಣನೆಯ ಬ್ರೆಡ್ಡಿನ ನಡುವೆ ತಣ್ಣನೆಯ ಚೀಸಿಟ್ಟು ತಿಂದು, ಮೇಲೊಂದು ಲೋಟ ತಣ್ಣನೆಯ ಹಾಲು ಕುಡಿದು, ಊಟವಾಯಿತು ಎಂದು ಎದ್ದುಬಿಡುತ್ತಾರೆ. ನಮ್ಮಲ್ಲೋ, ಅನ್ನ ಮುಟ್ಟದೆ ಎಷ್ಟು ತಿಂದರೂ ಅದು ತಿಂಡಿಯೇ. ಆ ಪ್ರಕಾರ ನೋಡಿದರೆ ಇಡೀ ದೇಶವೇ ದಿನಾ ಮಧ್ಯಾಹ್ನ ಉಪವಾಸವಿತ್ತು.

ನನ್ನನ್ನು ಉಪವಾಸ ಬೀಳದಂತೆ ನೋಡಿಕೊಂಡವನು ಅನ್ವರ್. ದಾವಣಗೆರೆಯವನು, ಆಫೀಸಿನಲ್ಲಿ ಪಕ್ಕದ ಮೇಜಿನವನು. ಮನೆಗೆ ಫೋನ್ ಮಾಡಿದರೆ ದಖ್ಖನಿ, ನನ್ನ ಜೊತೆ ಕನ್ನಡ, ಸಿಟ್ಟು ಬಂದಾಗ ಇಂಗ್ಲಿಷು. ಪ್ರತಿ ಶನಿವಾರ ಇಬ್ಬರೂ ಸೈಕಲ್ ತುಳಿದು ಪೇಟೆಗೆ ಹೋಗಿ ಏನಾದರೂ ತಿಂದು ಬರುವುದು ನಮ್ಮ ವ್ರತ. ಎಲ್ಲಿ ಎಂದು ನಿರ್ಧರಿಸುತ್ತಿದ್ದವನು ನಾನು. ಅಂದರೆ, ಉಳಿದದ್ದನ್ನೆಲ್ಲ ಬೇಡವೆನ್ನುತ್ತಿದ್ದವನು. ಹೀಗೆ ಬೇಡ ಬೇಡವೆಂದು ಕೊನೆಗೆ ಉಳಿದದ್ದು ಆಲೂಗಡ್ಡೆ ಫ್ರೈ ಮಾರುವ ಒಂದು ಪುಟ್ಟ ಅಂಗಡಿ. ಅಲ್ಲೂ ಮೇಯನೇಸಿನಲ್ಲಿ ಮೊಟ್ಟೆಯಿದೆಯೆಂಬ ಭಯ, ಎಣ್ಣೆಯ ಮೇಲೆ ಅನುಮಾನ. ನನಗೆ ಡಚ್ ಬಾರದು. ನನಗಾಗಿ ಅನ್ವರ್ 'ಜೋಂಡರ್ ವ್ಲೇಸ್', ಮಾಂಸವಿಲ್ಲದೆ, ಎನ್ನುವುದನ್ನು ಕಲಿತ. ಆಮೇಲೆ ಮೊಟ್ಟೆಯಿಲ್ಲದೆ ಎನ್ನುವುದನ್ನು, ಆಮೇಲೆ ಈ ಎಣ್ಣೆಯಲ್ಲಿ ಬೇರೇನಾದರೂ ಕರಿದಿದ್ದೀರಾ ಎನ್ನುವುದನ್ನು. ಅವನ ಡಚ್ ಭಾಷೆ ಬೆಳೆದದ್ದೆಲ್ಲ ನನ್ನ ಹೊಟ್ಟೆಯ ಸುತ್ತ. ನನಗೆ ಕಡಲೆಕಾಯಿ ಸಾಸು ಹಾಕಿದ ಫ್ರೈ ಕೊಡಿಸಿ ತಾನೂ ಅದನ್ನೇ ತಿನ್ನುತ್ತಿದ್ದ. ನಿನಗೇನು ಇಷ್ಟ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎನ್ನುತ್ತದೆ ಗಾದೆ. ಗಾದೆ ಕಟ್ಟಿದವರು ಒಬ್ಬಂಟಿಯಾಗಿ ಉಣ್ಣುತ್ತಿದ್ದರೋ ಏನೋ, ಎದುರಿಗೆ ಕೂತವನ ಇಚ್ಛೆಯ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ.

ಎರಡನೆಯ ಚಳಿಗಾಲದಲ್ಲಿ ರಂಜಾನ್ ಹಬ್ಬ ವಾರದ ನಡುವೆ ಬಂತು. ಅನ್ವರ್ ಹಬ್ಬದೂಟವನ್ನು ಭಾನುವಾರಕ್ಕಿಟ್ಟುಕೊಂಡ.

"ಮನೆಗೆ ಬಾರೋ. ನಿಂಗೆ ಅಂತ ವೆಜ್ ಪಲಾವ್ ಮಾಡ್ತೀನಿ, ಶಾವಿಗೆ ಪಾಯಸ ಮಾಡ್ತೀನಿ. ಬೇರೆ ಯಾರನ್ನೂ ಕರೆದಿಲ್ಲ" ಎಂದ.

ಬರುತ್ತೇನೆಂದೆ, ಸಂತೋಷದಿಂದಲೇ. ಭಾನುವಾರ ಬೂಟು ಹಾಕಿಕೊಳ್ಳುವಾಗ ಅವನ ಅಡುಗೆಮನೆ ಕಣ್ಣ ಮುಂದೆ ಬಂತು. ಆ ಪಾತ್ರೆ, ಆ ಸೌಟು, ಅದರಲ್ಲಿ ನಿನ್ನೆ ಏನು ಬೆಂದಿತ್ತೋ! ಒಂದು ಬೂಟು ಹಾಕಿಕೊಂಡಿದ್ದವನು ಅದನ್ನೂ ಬಿಚ್ಚಿ ಫೋನ್ ಮಾಡಿದೆ: "ಜ್ವರ ಬಂದಿದೆ ಕಣೋ."

"ಅಯ್ಯೋ, ಮಲ್ಕೋ ಮಲ್ಕೋ. ಮಾತ್ರೆ ಇದೆಯಾ?" ಎಂದ ಅವನು.

ಸುಳ್ಳು ಹೇಳಿ ಪಾರಾದವನಿಗೆ ವಿಪರೀತ ಹಸಿವಾಗುತ್ತದೆ. ಅನ್ನ ಮಾಡಿಕೊಂಡೆ, ಮೊಸರು ಕಲಸಿದೆ, ಊರಿನಿಂದ ತಂದಿದ್ದ ಹಪ್ಪಳ ಕರಿದೆ. ಅರ್ಧ ತಿಂದಿರಬಹುದು, ಬಾಗಿಲ ಬೆಲ್ ಆಯಿತು. ಹಪ್ಪಳ ಕೈಯಲ್ಲಿರುವಂತೆಯೇ ಹೋಗಿ ಬಾಗಿಲು ತೆಗೆದೆ.

ಅನ್ವರ್ ನಿಂತಿದ್ದ. ಮಳೆಕೋಟಿನಿಂದ ನೀರು ಸುರಿಯುತ್ತಿತ್ತು. ಟವೆಲಿನಲ್ಲಿ ಸುತ್ತಿದ ಪಾತ್ರೆಯೊಂದನ್ನು ಎದೆಗವಚಿಕೊಂಡಿದ್ದ.

"ಗಂಜಿ ತಂದೆ. ಜೀರಿಗೆ ಹಾಕಿದೀನಿ, ಬೆಳ್ಳುಳ್ಳಿ ಹಾಕಿಲ್ಲ..." ಎನ್ನುತ್ತಿದ್ದವನು ನನ್ನ ಕೈ ನೋಡಿದ. ಆಮೇಲೆ ನನ್ನ ಹಿಂದೆ, ಮೇಜಿನ ಮೇಲಿದ್ದ ತಟ್ಟೆಯನ್ನು ನೋಡಿದ.

"ಓ, ಊಟ ಮಾಡ್ತಿದೀಯಾ? ಒಳ್ಳೇದಾಯ್ತು ಬಿಡು" ಎಂದು ಪಾತ್ರೆಯನ್ನು ನನ್ನ ಕೈಗಿಟ್ಟ. ಎರಡು ಹೆಜ್ಜೆ ಹೋಗಿ ತಿರುಗಿ, "ಪಾತ್ರೆ ಹೊಸದು ಕಣೋ. ನಿಂಗೋಸ್ಕರನೇ ತಗೊಂಡಿದ್ದು. ಸೌಟೂ ಹೊಸದೇ" ಎಂದ.

ಒಳಗೆ ಬಾ ಎಂದೆ. ಪಲಾವ್ ಆರಿಹೋಗುತ್ತೆ ಎಂದು ಸೈಕಲ್ ಹತ್ತಿದ. ಪಾತ್ರೆಯ ಮುಚ್ಚಳದ ಮೇಲೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಗಂಜಿಯನ್ನು ಪೂರ್ತಿ ಕುಡಿದೆ. ಜ್ವರವಿಲ್ಲದವನ ಗಂಟಲಲ್ಲಿ ಗಂಜಿ ಎಷ್ಟು ಕಷ್ಟದಿಂದ ಇಳಿಯುತ್ತದೆಂದು ಅಂದು ತಿಳಿಯಿತು.

ಮರುದಿನ ಆಫೀಸಿನಲ್ಲಿ "ಜ್ವರ ಹೇಗಿದೆ?" ಎಂದು ಕೇಳಿದ. ನಿಜ ಹೇಳಲು ನನಗೆ ಸಿಕ್ಕಿದ್ದ ಬಾಗಿಲು ಅದು. "ಇಳಿದಿದೆ" ಎಂದೆ.

ಜಗಳವಾಗಿದ್ದರೆ ರಾಜಿಯಾಗಬಹುದಿತ್ತು. ಜಗಳವೇ ಆಗಲಿಲ್ಲ. ಒಂದು ಶನಿವಾರ ಅವನಿಗೆ ಬಟ್ಟೆ ಒಗೆಯುವುದಿತ್ತು, ಇನ್ನೊಂದು ಶನಿವಾರ ಯಾರೋ ಬರುವವರಿದ್ದರು. ನಾನೊಬ್ಬನೇ ಹೋದಾಗ ಫ್ರೈ ಅಂಗಡಿಯಾಕೆ ಇಂಗ್ಲಿಷಿನಲ್ಲಿ, "ನಿನ್ನ ಸ್ನೇಹಿತನೆಲ್ಲಿ? ಪಾಪ, ಮಾಂಸ ತಿನ್ನುವುದಿಲ್ಲವಲ್ಲ, ಆತ" ಎಂದಳು. ವಿಚಾರಿಸುತ್ತಿದ್ದವನು ಅವನಾದ್ದರಿಂದ, ಪಥ್ಯವೂ ಅವನದೇ ಎಂದುಕೊಂಡಿದ್ದಳು. ಬಾಯಿಗಿಟ್ಟ ಆಲೂಗಡ್ಡೆ ಸುಟ್ಟಿತು.

ಆ ಬೇಸಿಗೆಯಲ್ಲಿ ಅನ್ವರ್ ಬೇರೆ ಕೆಲಸ ಸಿಕ್ಕಿ ರಾಟರ್‌ಡ್ಯಾಮಿಗೆ ಹೋದ. ಕೆಲವು ತಿಂಗಳು ತಡೆದುಕೊಂಡು, ಆಗದೆ, ಒಂದು ಶನಿವಾರ ರೈಲು ಹತ್ತಿದೆ. ಸ್ಟೇಷನ್ನಿಗೆ ಬಂದಿದ್ದ. ಮನೆಗೆ ಕರೆದೊಯ್ಯಲಿಲ್ಲ, ಬಂದರಿನ ಹತ್ತಿರದ ಒಂದು ಹೋಟೆಲಿಗೆ ಹೋದೆವು. "ಬೋರ್ಡ್ ನೋಡಿ ನಿಂಗೇನು ಬೇಕೋ ಹೇಳು" ಎಂದು ತನಗೆ ಕರಿದ ಮೀನು ಹೇಳಿದ.

"ಅವತ್ತು ನಂಗೆ ಜ್ವರ ಇರ್ಲಿಲ್ಲ ಅನ್ವರ್" ಎಂದೆ.

"ಗೊತ್ತು. ಮನೆ ತುಂಬ ಹಪ್ಪಳದ ವಾಸನೆ" ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, "ನೀನು ಬರ್ಲಿಲ್ಲ ಅಂತ ಬೇಜಾರಿಲ್ಲ ಕಣೋ. 'ನಿಮ್ಮನೇಲಿ ತಿನ್ನಕ್ಕೆ ನಂಗೊಂಥರಾ ಆಗುತ್ತೆ' ಅಂತ ಬಾಯ್ಬಿಟ್ಟು ಹೇಳಿದ್ರೆ, ನಾನೇ ನಿನ್ನ ಮನೆಗೆ ಬಂದು ಅಡುಗೆ ಮಾಡ್ತಿದ್ದೆ" ಎಂದ.

ಮೀನು ಬಂತು. ಅನ್ವರ್ ತೋಳು ಮಡಚಿದ, ನಿಂಬೆಹಣ್ಣು ಹಿಂಡಿದ, ಬೆರಳಿನಿಂದ ಮುಳ್ಳು ಬಿಡಿಸಿ, ಕಣ್ಣು ಅರ್ಧ ಮುಚ್ಚಿ, ಯಾರ ಗೊಡವೆಯೂ ಇಲ್ಲದೆ ತಿನ್ನತೊಡಗಿದ. ಎರಡು ವರ್ಷ ಜೊತೆಯಲ್ಲಿ ತಿಂದವನು ನಾನು. ಅವನು ಇಷ್ಟಪಟ್ಟು ತಿನ್ನುವುದನ್ನು ನೋಡಿದ್ದು ಅದೇ ಮೊದಲು.

"ನಿನ್ನ ಮನೆ ನೋಡಬೇಕಲ್ಲೋ" ಎಂದೆ ಹೊರಡುವಾಗ.

"ಇನ್ನೊಂದ್ಸಲ ಬಾ" ಎಂದ, ಒಳ್ಳೆಯ ಮನಸ್ಸಿನಿಂದಲೇ. ಆ ಇನ್ನೊಂದು ಸಲ ಬರುವ ಮೊದಲೇ ಅವನನ್ನು ಬೇರೆ ದೇಶಕ್ಕೆ ಕಳಿಸಿದರು.

ನಾನು ಈಗಲೂ ಕಿರಿಕಿರಿಯ ಮನುಷ್ಯನೇ. ನಾಲಿಗೆ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಆದರೆ ಯಾರಾದರೂ ಊಟಕ್ಕೆ ಕರೆದರೆ ಏನು ಅಡುಗೆ ಎಂದು ಮಾತ್ರ ಕೇಳುವುದಿಲ್ಲ. ಎಷ್ಟು ಗಂಟೆಗೆ ಬರಲಿ ಎಂದು ಕೇಳುತ್ತೇನೆ. ಹಾಕಿಕೊಂಡ ಬೂಟು ಬಿಚ್ಚುವ ಮನಸ್ಸಾಗುವ ಮುಂಚೆ, ಅದಕ್ಕಿಂತ ಅರ್ಧ ಗಂಟೆ ಮೊದಲೇ ಹೋಗಿರುತ್ತೇನೆ.