ಹಿಂದಿನ ಪ್ಯಾಡಿಗಾಗಿ ಹಿಡಿದ ಹಟ

2024ರ ಜನವರಿ 21, ಭಾನುವಾರ. ಜಹೀರಾಬಾದಿನ ಹೊರಗೆ, ಹೆದ್ದಾರಿಯಿಂದ ತುಸು ಒಳಗಿರುವ ಖಾಸಗಿ ಟ್ರ್ಯಾಕಿನಲ್ಲಿ ನಾನು ಮೊದಲ ಸಲ ಕಾರು ಓಡಿಸಿದ ದಿನ. ಅದು ರೇಸ್ ಅಲ್ಲ. ಹವ್ಯಾಸಿಗಳು ಹಣ ಕಟ್ಟಿ ತಮ್ಮ ಕಾರನ್ನು ವೇಗವಾಗಿ ಓಡಿಸಿ ನೋಡುವ ಜಾಗ. ಅವತ್ತು ಬಂದಿದ್ದ ಹನ್ನೊಂದು ಜನರಲ್ಲಿ ಹೆಣ್ಣು ನಾನೊಬ್ಬಳೇ.

ನನ್ನದು ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇಲ್ಲದ ಹಳೆಯ ಕಾರು, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಮುಂದಿನ ಚಕ್ರಗಳಿಗೆ, ಡಿಸ್ಕನ್ನು ಹೆಚ್ಚು ಬಿಗಿಯಾಗಿ ಕಚ್ಚುವ ಟ್ರ್ಯಾಕಿನ ಬ್ರೇಕ್ ಪ್ಯಾಡ್ ಹಾಕಿಸಿದ್ದೆ. ಹಿಂದಿನವಕ್ಕೆ ಯಾವುದೆಂದು ತಿಳಿಯದೆ ಸೋದರಮಾವನನ್ನು ಕೇಳಿದೆ. ಸುಗ್ಗಿಯಲ್ಲಿ ಇದೇ ಕಾರಿನಲ್ಲಿ ಮನೂರಿನಿಂದ ನಾರಾಯಣಖೇಡಕ್ಕೆ ತೊಗರಿ ತರುವವರು ಅವರು.

"ಹಿಂದಿನ ಗಾಲಿಗೂ ಕಡಕ್ ಪ್ಯಾಡೇ ಹಾಕ್ಸು ಪೋರಿ. ಗಾಡಿ ಜಾಗಾದಾಗೇ ನಿಲ್ತದ," ಎಂದರು.

ತಾಂಡೂರಿನಿಂದ ತರಿಸಿ ಹಾಕಿಸಿದೆವು. ಟ್ರ್ಯಾಕಿಗೆ ಹೋಗುವ ಹಿಂದಿನ ದಿನ ಡಿಕ್ಕಿಯಲ್ಲಿ ಮೂರು ಚೀಲ ತೊಗರಿ, ಹಿಂದಿನ ಸೀಟಿನಲ್ಲಿ ಅತ್ತೆ. ಬ್ರೇಕ್ ತುಳಿದರೆ ಕಾರು ಅಲುಗದೆ ನಿಂತಿತು. ಮಾವ ಮೀಸೆ ತಿರುವಿದರು.

ಟ್ರ್ಯಾಕಿಗೆ ಇಳಿಯುವ ಮುನ್ನ ಅಲ್ಲಿನವರು ಕಾರು ಪೂರ್ತಿ ಖಾಲಿ ಮಾಡಿಸಿದರು. ಸ್ಟೆಪ್ನಿಯನ್ನೂ ಇಳಿಸಿದೆವು. ಕೆಲವು ಸುತ್ತು ನಿಧಾನವಾಗಿ ಹೋದೆ. ಆಮೇಲೆ ವೇಗ ಏರಿಸಿ, ಎಡ ತಿರುವಿಗೆ ಬಂದು ಬ್ರೇಕ್ ಒತ್ತಿದೆ. ಹಿಂದಿನ ಚಕ್ರಗಳು ಗಪ್ಪನೆ ಕಚ್ಚಿಕೊಂಡವು. ಕಾರಿನ ಬೆನ್ನು ಪಕ್ಕಕ್ಕೆ ಜಾರಿ, ನಾನು ಬಂದ ದಾರಿಗೇ ಮುಖ ಮಾಡಿ ಮಣ್ಣಿನಲ್ಲಿ ನಿಂತಿದ್ದೆ.

ಟ್ರ್ಯಾಕಿನ ಉಸ್ತುವಾರಿಯವರು ಓಡಿ ಬಂದರು. "ಗಾಬ್ರಿ ಆದ್ರೇನ್ರಿ ಮೇಡಮ್? ಕಣ ತುಳಿದಂಗ ತುಳೀತೀರಲ್ರಿ ಬ್ರೇಕ್!"

ಎಲ್ಲರೂ ನಕ್ಕರು. ಅವರು ಮುಂದುವರಿಸಿದರು: "ಎರಡನೇ ಸಲ ಗಾಡಿ ತಿರುಗಿದ್ರ ಮತ್ತ ಎಂದೂ ಇಲ್ಲಿ ಎಂಟ್ರಿ ಇಲ್ರಿ. ಸುಮ್ನ ಬಾಜೂ ಸೀಟಿನ್ಯಾಗ ಕೂಡ್ರಿ, ನಮ್ಮ ಡ್ರೈವರ್ ಹೊಡೀತಾನ."

ನನ್ನ ಜೊತೆ ಬಂದಿದ್ದ ಮಾವನೂ, "ಹೋಗ್ಲಿ ಬಿಡವ್ವಾ, ಜೀವ ಉಳೀತಲ್ಲ, ಮನಿಗಿ ಹೋಗೂನು," ಎಂದರು.

ನಾನು ಸ್ಟೀರಿಂಗ್ ಬಿಡಲಿಲ್ಲ. ನಿನ್ನೆಯೂ ಬ್ರೇಕ್ ತುಳಿದದ್ದು ಇದೇ ಕಾಲು. ಬದಲಾಗಿದ್ದು ಹಿಂದಿನ ಭಾರ ಮಾತ್ರ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಹೋಗುತ್ತದೆ. ಖಾಲಿ ಕಾರಿನ ಹಿಂದಿನ ಚಕ್ರ ಹಗುರಾಗಿ ರಸ್ತೆಯ ಹಿಡಿತ ಕಳೆದುಕೊಳ್ಳುತ್ತದೆ. ಅದನ್ನು ಕಡಕ್ ಪ್ಯಾಡು ಬಿಗಿಯಾಗಿ ಕಚ್ಚಿದರೆ ಜಾರದೆ ಇನ್ನೇನು?

"ತಪ್ಪು ಕಾಲಿಂದಲ್ರಿ, ಹಿಂದಿನ ಪ್ಯಾಡಿಂದು," ಎಂದೆ.

ಮಾವನಿಗೆ ಸಿಟ್ಟು ಬಂತು. "ನನ್ನ ಪ್ಯಾಡಿಗಿ ಹೆಸರಿಡಬ್ಯಾಡ. ನಿನ್ನಿ ಹ್ಯಾಂಗ ನಿಂತಿತ್ತು?"

"ನಿನ್ನಿ ಹಿಂದ ಮೂರು ಚೀಲ ತೊಗರಿ ಇತ್ತು ಮಾಮಾ. ಅತ್ತಿ ಬ್ಯಾರೆ ಇದ್ದಳು."

"ಅಕಿನೂ ಎರಡು ಚೀಲ ಆಗ್ತಾಳ ಬಿಡು," ಎಂದು ಅವರೇ ನಕ್ಕುಬಿಟ್ಟರು.

ಬಿಚ್ಚಿಸಿದ್ದ ಹಳೆಯ ಸಾದಾ ಪ್ಯಾಡುಗಳು ನನ್ನ ಸಾಮಾನಿನಲ್ಲೇ ಇದ್ದವು, ಇನ್ನೂ ದಪ್ಪ ಉಳಿದಿದ್ದವು. ಡಿಸ್ಕ್ ಆರಿದ ಮೇಲೆ ಜಾಕ್ ಕೊಟ್ಟು ಚಕ್ರ ಬಿಚ್ಚಿದೆ. ಮಾವ ಬೋಲ್ಟು ಹಿಡಿದು ಪಕ್ಕದಲ್ಲಿ ಕೂತರು.

"ಟ್ರ್ಯಾಕ್ ಪ್ಯಾಡ್ ತಗದು ಸಂತಿ ಪ್ಯಾಡ್ ಹಾಕ್ತೀರಿ? ಉಲ್ಟಾ ಕೆಲಸ ನಡೆಸೀರಿ," ಎಂದರು ಉಸ್ತುವಾರಿ.

"ಉಲ್ಟಾ ಆದ್ರ ಎಂಟ್ರಿ ಹೋಗೋದು ನಂದು ಅಲ್ರಿ?" ಎಂದೆ.

ಬ್ರೇಕ್ ಪೆಡಲ್ ಗಟ್ಟಿಯಾಗುವ ತನಕ ಒತ್ತಿ ನೋಡಿ, ಕೆಲವು ಸುತ್ತು ನಿಧಾನವಾಗಿ ಹೋಗಿ ಬ್ರೇಕ್ ಪರೀಕ್ಷಿಸಿದೆ. ಆಮೇಲೆ ಅದೇ ಎಡ ತಿರುವು, ಅದೇ ವೇಗ. ಮೆಲ್ಲಗೆ ತುಳಿದರೆ ಹೆದರಿದಳು ಎನ್ನುತ್ತಾರೆಂದು ಬೇಕೆಂದೇ ಮೊದಲಿನಷ್ಟೇ ಜೋರಾಗಿ ತುಳಿದೆ. ಕಾರು ಮೂತಿ ತಗ್ಗಿಸಿ, ನೆಟ್ಟಗೆ ನಿಧಾನಿಸಿ, ಹೇಳಿದ ಹಾಗೆ ತಿರುವು ದಾಟಿತು. ಮುಂದಿನ ಸುತ್ತಿನಲ್ಲೂ ಹಾಗೆಯೇ.

ಇಳಿದಾಗ ಉಸ್ತುವಾರಿಯವರು, "ಈಗ ನೋಡ್ರಿ, ಕಾಲು ಹದಕ್ಕ ಬಂತು," ಎಂದರು.

"ಕಾಲು ಅದೇ ಅದ ರೀ. ಪ್ಯಾಡ್ ಬ್ಯಾರೆ."

ಅವರು ಮುಂದಿನ ಕಾರಿನ ಕಡೆ ನಡೆದರು. ಅವರು ಒಪ್ಪಬೇಕೆಂದು ನನಗೂ ಇರಲಿಲ್ಲ. ಆದರೆ ಅವತ್ತು ಪಕ್ಕದ ಸೀಟಿಗೆ ಸರಿದು ಕೂತಿದ್ದರೆ, ನನ್ನ ಕಾಲೇ ಸರಿಯಿಲ್ಲವೆಂದು ನಾನೂ ನಂಬಿಬಿಡುತ್ತಿದ್ದೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.