ಕರಡಿ ಪರ ಎದ್ದು ನಿಂತ ಮೇಡಂ

ನಮ್ಮ ಪ್ರೊಫೆಸರನ್ನು ಕಾಲೇಜಿನಲ್ಲಿ ಎಲ್ಲರೂ ಕರಡಿ ಮೇಡಂ ಅನ್ನುತ್ತಾರೆ, ಎದುರಿಗೇ ಅನ್ನುತ್ತಾರೆ, ಅವರೂ ಖುಷಿಯಾಗಿ "ಏನ್ರೋ" ಎಂದು ತಿರುಗುತ್ತಾರೆ. ಕಾಡಿನ ಮೂಲನಿವಾಸಿಗಳು ತಮ್ಮ ನೆಲದ ಹಕ್ಕು ಕೇಳುವಾಗ ಕರಡಿಯನ್ನೂ ಯಾಕೆ ಪಾಲುದಾರನಾಗಿ ಸೇರಿಸಿಕೊಳ್ಳುತ್ತಾರೆ ಎನ್ನುವುದೇ ಅವರ ಸಂಶೋಧನೆ. ಅವರ ಕೋಣೆಯಲ್ಲಿ ಕುರ್ಚಿ ಮೇಲೆ ಕಾಗದ, ಕಾಗದದ ಮೇಲೆ ಕೆಸರು ಬೂಟು, ನಮಗೆ ಕೂರಲು ಕಿಟಕಿ ಕಟ್ಟೆಯೇ ಗತಿ.

ಕಳೆದ ವಾರ ಅವರ ಪುಸ್ತಕದ ಹಣೆಬರಹ ತೀರ್ಮಾನವಾಗಬೇಕಿತ್ತು. ಕಾಡಿನವರ ಸಭೆ ಒಪ್ಪದಿದ್ದರೆ ಒಂದು ಪುಟವನ್ನೂ ಅಚ್ಚು ಹಾಕಿಸುವುದಿಲ್ಲ ಎಂದು ಮೇಡಂ ಮೊದಲೇ ಮಾತು ಕೊಟ್ಟಿದ್ದರು. ಬ್ಯಾಗ್ ಹೊರುವ ನೆಪದಲ್ಲಿ ನಾನೂ ಹೋದೆ. ಶಾಲೆಯ ಕೋಣೆ, ಮಕ್ಕಳ ಬೆಂಚು, ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತ ದೊಡ್ಡವರು. ಮೇಡಂ ತಾವು ಬರೆದದ್ದನ್ನು ಓದಿದ ಹಾಗೆಲ್ಲ ಅವರು ತಲೆದೂಗಿದರು. ನನಗೋ ಗೆದ್ದೇಬಿಟ್ಟೆವು ಎನ್ನಿಸಿತು.

ಆಗ ಸಭೆ ನಡೆಸುತ್ತಿದ್ದ ಅಜ್ಜಿ, "ನಮ್ದೆಲ್ಲ ಸರಿ. ಕರಡೀನ ಕೇಳೋದ್ ಬೇಡ್ವಾ?" ಅಂದರು. ಯಾವ ಪ್ರಾಣಿಯ ವಿಷಯ ಬಂದರೂ ಅದರ ಪರವಾಗಿ ಒಬ್ಬರು ಎದ್ದು ಮಾತಾಡಲೇಬೇಕು, ಅದು ಅಲ್ಲಿನ ಕ್ರಮ.

ಅಜ್ಜಿ ಮೇಡಂ ಕಡೆ ತಿರುಗಿದರು. "ಯಾವಾಗ್ಲೂ ಕರಡಿ ಪರ ಮಾತಾಡೋನಿಗೆ ಗಂಟಲು ಕಟ್ಟಿದೆ. ನೀನೇ ಏಳಮ್ಮ."

"ಅಜ್ಜಿ, ಪುಸ್ತಕ ನಂದೇ ಅಲ್ವಾ."

"ಇಷ್ಟು ದಪ್ಪಗೆ ಬರ್ದಿದೀಯ, ಕರಡಿ ಏನನ್ನುತ್ತೆ ಅಂತ ಗೊತ್ತಿಲ್ವಾ?"

ಮೇಡಂ ಕನ್ನಡಕ ತೆಗೆದು ಎದ್ದರು. "ಈ ಹೆಂಗ್ಸು ಒಳ್ಳೇವ್ಳೇ," ಎಂದು ಕರಡಿಯಾಗಿ ತಮ್ಮ ಬಗ್ಗೆಯೇ ಶುರು ಮಾಡಿದರು. "ಆದ್ರೆ ಕೊನೇ ಅಧ್ಯಾಯದಲ್ಲಿ ನಾನು ಮರಿ ಹಾಕೋ ಗುಹೆಗಳ ನಕ್ಷೆ ಹಾಕಿದಾಳೆ. ನಿಮ್ಮನೆ ಬಾಣಂತಿ ಕೋಣೆ ವಿಳಾಸಾನ ಹೀಗೆ ಊರಿಗೆಲ್ಲ ಹಂಚಿದ್ರೆ ಸುಮ್ನಿರ್ತೀರಾ? ನಾಳೆ ಕ್ಯಾಮೆರಾ ಹಿಡ್ಕೊಂಡು ದಂಡೇ ಬರುತ್ತೆ."

"ಹೌದು ಮತ್ತೆ," ಎಂದಿತು ಹಿಂದಿನ ಬೆಂಚು.

ಮೇಡಂಗೆ ಹುರುಪೇರಿತು. "ಅವಳಿಗೆ ಹೆಸರು ಬೇಕು, ನಂಗೆ ನಿದ್ದೆ ಬೇಕು" ಎಂದು ತಮ್ಮನ್ನೇ ಜಾಡಿಸಿದರು. ನಾನು ಅವರ ತೋಳು ಜಗ್ಗಿದೆ, ಕೊಡವಿಕೊಂಡರು.

ಕೈ ಎತ್ತಿಸಿದಾಗ ಇಡೀ ಸಭೆ ಕರಡಿ ಕಡೆ. ಉಳಿದದ್ದಕ್ಕೆಲ್ಲ ಒಪ್ಪಿಗೆ, ಕೊನೇ ಅಧ್ಯಾಯ ಮಾತ್ರ ಪೂರ್ತಿ ಔಟ್. ಅದೇ ಅವರ ಪ್ರಾಣ, ವರ್ಷಗಟ್ಟಲೆ ಬೆಟ್ಟ ಹತ್ತಿಳಿದದ್ದು ಅದಕ್ಕಾಗಿಯೇ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವರ ಗಂಡನ ಫೋನ್ ಬಂತು. ಮೇಡಂ ಸ್ಪೀಕರಿಗೆ ಹಾಕಿದರು.

"ಏನಾಯ್ತೇ?"

"ಒಳ್ಳೇ ಅಧ್ಯಾಯಾನೇ ಹೋಯ್ತು ಕಣ್ರೀ. ನಾನೇ ಹೊಡೆದು ಹಾಕ್ದೆ. ಎಂಥಾ ವಾದ ಗೊತ್ತಾ, ನಂಗೇ ನನ್ ಮೇಲೆ ಸಿಟ್ಟು ಬಂತು."

"ಈಗ ಅಳ್ತಿದೀಯೋ, ನಗ್ತಿದೀಯೋ?"

ಟಿಕೆಟ್ ಕೇಳಲು ಬಂದ ಕಂಡಕ್ಟರಿಗೆ ಮೇಡಂ ಕಣ್ಣೊರೆಸಿಕೊಳ್ಳುತ್ತ ನನ್ನ ಕಡೆ ಕೈ ತೋರಿಸಿದರು. ನಕ್ಕು ನಕ್ಕು, ಇಳಿಯುವ ಊರಿನ ಹೆಸರು ಹೇಳಲು ನನಗೂ ಉಸಿರಿರಲಿಲ್ಲ.